ಗಾಯಗೊಂಡ ಕೋತಿಯ ರಕ್ತ: ಯಾವ ನಾಳದಿಂದ, ಎಷ್ಟು, ಏಕೆ?

ಸಿಲ್ವರ್ ಓಕ್ ಮರದಿಂದ ಜಿಗಿದ ಕೋತಿ ವಿದ್ಯುತ್ ತಂತಿಗೆ ತಗುಲಿ ಕಾಫಿ ಗಿಡಗಳ ನಡುವೆ ಬೀಳುವುದನ್ನು ಕೊಡಗಿನ ತೋಟದವರು ಕಂಡಿರುತ್ತಾರೆ. ಮಡಿಕೇರಿ–ಕುಶಾಲನಗರ ರಸ್ತೆಯಲ್ಲಿ ಪ್ರವಾಸಿಗರು ಎಸೆದ ತಿಂಡಿಗೆ ಓಡಿ ಬಂದು ವಾಹನಕ್ಕೆ ಸಿಲುಕುವ ಕೋತಿಗಳೂ ಇವೆ. ಅರಣ್ಯ ಸಿಬ್ಬಂದಿ ಬರುತ್ತಾರೆ, ಪಶುವೈದ್ಯರು ಬರುತ್ತಾರೆ, ಸುತ್ತ ನಿಂತವರು ಮೊಬೈಲ್ ಹಿಡಿಯುತ್ತಾರೆ. ಆ ವಿಡಿಯೊಗಳಲ್ಲಿ ಮಲಗಿದ ಕೋತಿಯ ತೊಡೆಸಂದಿಗೆ ವೈದ್ಯರು ಸೂಜಿ ಚುಚ್ಚಿ ರಕ್ತ ಎಳೆಯುವ ದೃಶ್ಯವಿದ್ದರೆ ಪ್ರಶ್ನೆಗಳು ಸಾಲಾಗಿ ಬರುತ್ತವೆ. ನರಳುತ್ತಿರುವ ಪ್ರಾಣಿಗೆ ಔಷಧ ಕೊಡುವ ಮೊದಲು ರಕ್ತ ತೆಗೆಯುವುದೇಕೆ? ಕೈ ಬಿಟ್ಟು ತೊಡೆಗೇ ಏಕೆ ಚುಚ್ಚಬೇಕು? ಅದರ ಕಣ್ಣು ತೆರೆದಿದೆಯಲ್ಲ, ನೋವಾಗುವುದಿಲ್ಲವೇ? ಇದೆಲ್ಲ ಯಾವುದೋ ಪ್ರಯೋಗಕ್ಕೋ?

ಕೇಳಲೇಬೇಕಾದ ಪ್ರಶ್ನೆಗಳಿವು. ಉತ್ತರಗಳು ಕೋತಿಯ ದೇಹರಚನೆಯಲ್ಲಿವೆ. ಜೊತೆಗೆ ಆ ರಕ್ತ ಪ್ರಯೋಗಾಲಯ ತಲುಪುವ ಹೊತ್ತಿಗೆ ಅದಕ್ಕೆ ಏನೇನಾಗಬಹುದು ಎಂಬುದರಲ್ಲಿವೆ.

ಮೊದಲು ರಕ್ತ ಏಕೆ

ಕೊಡಗಿನಲ್ಲಿ ಹೆಚ್ಚಾಗಿ ಕಾಣುವ ಕೋತಿಯನ್ನು ಪ್ರಾಣಿಶಾಸ್ತ್ರದಲ್ಲಿ ಬಾನೆಟ್ ಮಕಾಕ್ ಎನ್ನುತ್ತಾರೆ. ನೆತ್ತಿಯ ಮೇಲೆ ಕೂದಲು ಟೋಪಿ ಇಟ್ಟ ಹಾಗೆ ಹರಡಿರುವ, ಉದ್ದ ಬಾಲದ ಈ ಕೋತಿ ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದ ಬೇರೆಲ್ಲೂ ಸಹಜವಾಗಿ ಬದುಕುವುದಿಲ್ಲ. ಬೆಳೆದ ಹೆಣ್ಣು ಮೂರು ನಾಲ್ಕು ಕಿಲೊ ತೂಗುತ್ತದೆ, ಗಂಡು ಅದಕ್ಕಿಂತ ಸಾಕಷ್ಟು ಹೆಚ್ಚು. ಕಪ್ಪು ಮುಖದ ಮುಸುವ ಇನ್ನೊಂದು ಬಗೆ. ಅದು ಇನ್ನೂ ಭಾರ, ಕೈಕಾಲು ನೀಳ.

ಕಾಡಿನ ಪ್ರಾಣಿ ತನ್ನ ನೋವನ್ನು ಅಡಗಿಸುತ್ತದೆ. ಗುಂಪಿನಲ್ಲಿ ಬಲಹೀನವೆಂದು ತೋರಿಸಿಕೊಂಡರೆ ಅದಕ್ಕೆ ಉಳಿಗಾಲವಿಲ್ಲ. ಹಾಗಾಗಿ ವಿದ್ಯುತ್ ಆಘಾತಕ್ಕೊಳಗಾದ ಕೋತಿ ಸುಟ್ಟ ಅಂಗೈ ಮಡಚಿಕೊಂಡು ಸುಮ್ಮನೆ ಕುಳಿತಿರುವುದುಂಟು. ಚರ್ಮದ ಮೇಲೆ ಕಾಣುವ ಸುಟ್ಟ ಗುರುತು ಚಿಕ್ಕದಿರಬಹುದು. ಕರೆಂಟು ಹರಿದ ದಾರಿಯುದ್ದಕ್ಕೂ ಒಳಗಿನ ಸ್ನಾಯು ಬೆಂದಿರಬಹುದು. ಹೀಗೆ ಸತ್ತ ಸ್ನಾಯುಕೋಶಗಳು ಒಡೆದು ಪೊಟ್ಯಾಸಿಯಂ ಮತ್ತು ಮಯೊಗ್ಲೋಬಿನ್ ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಪೊಟ್ಯಾಸಿಯಂ ಮಿತಿ ಮೀರಿದರೆ ಹೃದಯದ ಬಡಿತ ತಪ್ಪುತ್ತದೆ. ಮಯೊಗ್ಲೋಬಿನ್ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಕಟ್ಟಿಕೊಂಡು ಅದನ್ನು ಕೆಡಿಸುತ್ತದೆ. ಮೂತ್ರ ಕಡು ಕಂದಾಗುತ್ತದೆ.

ಮೂತ್ರದ ಬಣ್ಣ ಬಿಟ್ಟರೆ ಇವ್ಯಾವುವೂ ಹೊರಗಿನಿಂದ ಕಾಣುವುದಿಲ್ಲ. ಎಷ್ಟು ಸಲೈನ್ ಕೊಡಬೇಕು, ಯಾವ ನೋವುನಿವಾರಕ ಮೂತ್ರಪಿಂಡಕ್ಕೆ ಸುರಕ್ಷಿತ, ಕೈಯನ್ನು ಉಳಿಸಲು ಯತ್ನಿಸಬಹುದೇ ಅಥವಾ ಕತ್ತರಿಸಲೇಬೇಕೇ ಎಂಬ ತೀರ್ಮಾನಗಳಿಗೆ ಆಧಾರವಾಗುವುದು ರಕ್ತಪರೀಕ್ಷೆ. ಔಷಧ ಕೊಟ್ಟ ಮೇಲೆ ರಕ್ತ ತೆಗೆದರೆ ಆ ಔಷಧದ ಪ್ರಭಾವವೂ ಅಂಕಿಗಳಲ್ಲಿ ಬೆರೆತುಬಿಡುತ್ತದೆ. ಪ್ರಾಣಕ್ಕೆ ತಕ್ಷಣದ ಅಪಾಯ ಇಲ್ಲವೆಂದಾದರೆ ಮೊದಲು ರಕ್ತ, ಆಮೇಲೆ ಸಲೈನ್ ಎಂಬ ಕ್ರಮ ಬಂದದ್ದು ಇದರಿಂದ. ಉಸಿರಾಟ ನಿಲ್ಲುವಂತಿದ್ದರೆ ಅಥವಾ ರಕ್ತ ಹರಿಯುತ್ತಿದ್ದರೆ ಈ ಕ್ರಮ ತಲೆಕೆಳಗಾಗುತ್ತದೆ. ಮೊದಲು ಜೀವ ಉಳಿಸುವ ಕೆಲಸ.

ಎರಡು ಬಗೆಯ ನಾಳಗಳು

ಹೃದಯದಿಂದ ರಕ್ತ ಹೊರಗೊಯ್ಯುವ ನಾಳ ಅಪಧಮನಿ, ಮರಳಿ ತರುವ ನಾಳ ಅಭಿಧಮನಿ. ತೋಟದಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಕೆರೆಯ ಪಂಪು ಓಡಿಸಿ ಸ್ಪ್ರಿಂಕ್ಲರ್ ಹಾಕುವುದನ್ನು ನೆನೆಯಿರಿ. ಪಂಪಿನಿಂದ ಗುಡ್ಡ ಹತ್ತುವ ಪೈಪಿನಲ್ಲಿ ಒತ್ತಡ ಹೆಚ್ಚು. ಅದು ಗಟ್ಟಿಯಾಗಿರಬೇಕು, ಎಲ್ಲಿ ತೂತಾದರೂ ನೀರು ಚಿಮ್ಮುತ್ತದೆ. ಗಿಡಗಳಿಗೆ ಸುರಿದ ಮೇಲೆ ಇಳಿಜಾರಿನ ತೋಡಿನಲ್ಲಿ ಕೆರೆಯತ್ತ ಮರಳುವ ನೀರಿಗೆ ಅಂಥ ರಭಸವಿಲ್ಲ. ಅಡ್ಡ ಒಂದಿಷ್ಟು ಮಣ್ಣು ಹಾಕಿದರೆ ಅಲ್ಲೇ ನಿಲ್ಲುತ್ತದೆ. ಅಪಧಮನಿ ಆ ಪೈಪಿನ ಹಾಗೆ, ಅಭಿಧಮನಿ ಈ ತೋಡಿನ ಹಾಗೆ.

ರಕ್ತದ ಮಾದರಿಯನ್ನು ಅಭಿಧಮನಿಯಿಂದ ತೆಗೆಯುವುದಕ್ಕೆ ಕಾರಣ ಇಲ್ಲೇ ಇದೆ. ಅದರ ಗೋಡೆ ತೆಳು, ಒತ್ತಡ ಕಡಿಮೆ. ಸೂಜಿ ತೆಗೆದು ಒತ್ತಿ ಹಿಡಿದರೆ ರಂಧ್ರ ಮುಚ್ಚಿಕೊಳ್ಳುತ್ತದೆ. ಅಪಧಮನಿಗೆ ಚುಚ್ಚಿದರೆ ಕಡುಗೆಂಪಿನ ಬದಲು ತಿಳಿಗೆಂಪು ರಕ್ತ ನಾಡಿಬಡಿತದೊಂದಿಗೆ ಚಿಮ್ಮಿ ಬರುತ್ತದೆ, ನಿಲ್ಲಿಸಲು ಬಹಳ ಹೊತ್ತು ಬೇಕು, ಒಳಗೊಳಗೇ ಸೋರಿ ಊದಿಕೊಳ್ಳುವ ಅಪಾಯವಿದೆ.

ಕೈಕಾಲಿನ ಅಭಿಧಮನಿಗಳೊಳಗೆ ರಕ್ತ ಹಿಂದಕ್ಕೆ ಇಳಿಯದಂತೆ ತಡೆಯುವ ಪುಟ್ಟ ಕವಾಟಗಳಿವೆ. ವೈದ್ಯರು ಸೂಜಿ ಚುಚ್ಚುವ ಜಾಗಕ್ಕಿಂತ ಮೇಲೆ, ಅಂದರೆ ಹೃದಯದ ಕಡೆಗೆ, ಪಟ್ಟಿ ಕಟ್ಟುವುದೋ ಬೆರಳಿನಿಂದ ಅದುಮುವುದೋ ಮಾಡುತ್ತಾರೆ. ಮರಳುವ ರಕ್ತ ಅಲ್ಲಿ ತಡೆದು ನಾಳ ಉಬ್ಬುತ್ತದೆ. ಮನುಷ್ಯರ ರಕ್ತಪರೀಕ್ಷೆಯಲ್ಲಿ ತೋಳಿಗೆ ಪಟ್ಟಿ ಬಿಗಿಯುವುದೂ ಇದಕ್ಕೇ.

ತೊಡೆಸಂದು: ಕಾಣದ ನಾಳವನ್ನು ಬೆರಳಿನಿಂದ ಹುಡುಕುವುದು

ನಮ್ಮ ಮೊಣಕೈ ಮಡಿಕೆಯಲ್ಲಿ ನಾಳ ಕಣ್ಣಿಗೆ ಕಾಣುತ್ತದೆ. ಕೋತಿಯ ಮುಂಗೈಯಲ್ಲೂ ನಾಳವಿದೆ, ಆದರೆ ಅದು ಸಣ್ಣದು, ಮೇಲೆ ಒತ್ತಾದ ಕೂದಲು. ಮೂರು ಕಿಲೊ ತೂಕದ, ಹೆದರಿ ನೀರು ಬತ್ತಿದ ಪ್ರಾಣಿಯಲ್ಲಿ ಅದು ಇನ್ನಷ್ಟು ಕುಗ್ಗಿರುತ್ತದೆ. ಎರಡು ಮೂರು ಕೊಳವೆಗಳಿಗೆ ಸಾಕಾಗುವಷ್ಟು ರಕ್ತ ಒಂದೇ ಸಲಕ್ಕೆ ಬೇಕೆಂದಾಗ ವೈದ್ಯರು ಹೆಚ್ಚಾಗಿ ಆರಿಸುವುದು ತೊಡೆಯ ಅಭಿಧಮನಿಯನ್ನು. ವೈದ್ಯಕೀಯದಲ್ಲಿ ಇದರ ಹೆಸರು ಫೆಮೊರಲ್ ಅಭಿಧಮನಿ. ಇಡೀ ಕಾಲಿನ ರಕ್ತ ಒಟ್ಟುಗೂಡಿ ಹೊಟ್ಟೆಯ ಕಡೆಗೆ ಏರುವ ದೊಡ್ಡ ನಾಳ ಇದು.

ತೊಡೆಸಂದಿನಲ್ಲಿ ಸ್ನಾಯುಗಳ ನಡುವೆ ತ್ರಿಕೋನಾಕಾರದ ತಗ್ಗು ಇದೆ. ಅಲ್ಲಿ ಮೂರು ಎಳೆಗಳು ಪಕ್ಕಪಕ್ಕದಲ್ಲಿ ಸಾಗುತ್ತವೆ. ತೊಡೆಯ ಹೊರಬದಿಯಿಂದ ಒಳಬದಿಗೆ ಬರುತ್ತಾ ಹೋದರೆ ಮೊದಲು ನರ, ಆಮೇಲೆ ಅಪಧಮನಿ, ಕೊನೆಯಲ್ಲಿ ಅಭಿಧಮನಿ. ಮನುಷ್ಯರಲ್ಲೂ ಇದೇ ಜೋಡಣೆ. ಅಭಿಧಮನಿ ಚರ್ಮದ ಕೆಳಗೆ ಮುಚ್ಚಿಹೋಗಿರುವುದರಿಂದ ನೋಡಿ ಚುಚ್ಚಲಾಗದು. ಆದರೆ ಅದರ ನೆರೆಯ ಅಪಧಮನಿ ಮಿಡಿಯುತ್ತಿರುತ್ತದೆ. ಕೋತಿಯನ್ನು ಅಂಗಾತ ಮಲಗಿಸಿ, ಕಾಲನ್ನು ಮೆಲ್ಲಗೆ ಹೊರಕ್ಕೆ ಚಾಚಿ, ವೈದ್ಯರು ಬೆರಳ ತುದಿಯಿಂದ ಆ ಮಿಡಿತವನ್ನು ಹಿಡಿಯುತ್ತಾರೆ. ಮಿಡಿತ ಸಿಕ್ಕ ಜಾಗದಿಂದ ಕೂದಲೆಳೆಯಷ್ಟು ಒಳಬದಿಗೆ ಸೂಜಿ ಇಳಿಯುತ್ತದೆ.

ಇಷ್ಟು ಹತ್ತಿರದ ನೆರೆಹೊರೆ ಇದ್ದಾಗ ತಪ್ಪುವ ಸಂಭವವೂ ಇದೆ. ಸೂಜಿ ಹೊರಬದಿಗೆ ಸರಿದರೆ ಅಪಧಮನಿ, ಇನ್ನೂ ಸರಿದರೆ ನರ. ಪ್ರಾಣಿ ಆ ಕ್ಷಣದಲ್ಲಿ ಒದ್ದಾಡಿದರೆ ಸೂಜಿಯ ತುದಿ ನಾಳವನ್ನೇ ಸೀಳಬಹುದು. ಎಚ್ಚರವಿರುವ ಕಾಡುಕೋತಿಯನ್ನು ನಾಲ್ವರು ಅದುಮಿ ಹಿಡಿದು ಈ ಕೆಲಸ ಮಾಡುವುದು ತರವಲ್ಲ ಎನ್ನುವುದಕ್ಕೆ ದಯೆಯೊಂದೇ ಕಾರಣವಲ್ಲ. ದೇಹರಚನೆಯೇ ಅದಕ್ಕೆ ಒಪ್ಪುವುದಿಲ್ಲ.

ಸೂಜಿ ಹೊರತೆಗೆದ ಮೇಲೆ ಮೂರರಿಂದ ಐದು ನಿಮಿಷ ಹತ್ತಿಯಿಂದ ಬಿಡದೆ ಒತ್ತಿ ಹಿಡಿಯಬೇಕು. ವಿಡಿಯೊ ನೋಡುವವರಿಗೆ ಏನೂ ಕೆಲಸ ನಡೆಯುತ್ತಿಲ್ಲ ಎನಿಸುವ ಹೊತ್ತು ಇದು. ಇಡೀ ಪ್ರಕ್ರಿಯೆಯಲ್ಲಿ ಅವಸರ ಮಾಡಲೇಬಾರದ ಹೊತ್ತೂ ಇದೇ. ತೊಡೆಯ ಒಳಭಾಗ ಸಡಿಲ. ಬೇಗ ಕೈ ತೆಗೆದರೆ ಹೊರಗೆ ಒಂದು ಹನಿಯೂ ಕಾಣದೆ ಒಳಗೆ ಹೆಪ್ಪುಗಟ್ಟಿದ ರಕ್ತದ ಗೆಡ್ಡೆ ಬೆಳೆಯುತ್ತದೆ. ಆ ಕಾಲನ್ನು ಊರಲಾಗದ ಕೋತಿ ಮರ ಹತ್ತಲಾರದು.

ಮೀನಖಂಡ, ಮುಂಗೈ, ಕುತ್ತಿಗೆ, ಬಾಲ

ತೊಡೆಸಂದು ಎಲ್ಲ ಸಂದರ್ಭಕ್ಕೂ ಉತ್ತರವಲ್ಲ. ಸೊಂಟದ ಮೂಳೆ ಮುರಿದಿದ್ದರೆ, ತೊಡೆಯಲ್ಲೇ ಸುಟ್ಟ ಗಾಯವಿದ್ದರೆ ಬೇರೆ ದಾರಿ ನೋಡಬೇಕು.

ಮೊಣಕಾಲಿನ ಹಿಂಬದಿಯಿಂದ ಹಿಮ್ಮಡಿಯವರೆಗಿನ ಮಾಂಸಲ ಭಾಗ ಮೀನಖಂಡ. ಕೋತಿಗಳಲ್ಲಿ ಇದರ ಹಿಂಭಾಗದಲ್ಲಿ, ಚರ್ಮದ ಕೆಳಗೇ ಒಂದು ಅಭಿಧಮನಿ ಹಾದುಹೋಗುತ್ತದೆ; ಕಿರಿಯ ಸಫೀನಸ್ ಎಂದು ಅದರ ಹೆಸರು. ಕೂದಲು ಬೋಳಿಸಿ, ಮೊಣಕಾಲಿನ ಬಳಿ ಅದುಮಿದರೆ ನೀಲಿ ಗೆರೆಯಾಗಿ ಎದ್ದು ಕಾಣುತ್ತದೆ. ನೋಡಿಯೇ ಚುಚ್ಚಬಹುದು, ಹತ್ತಿರದಲ್ಲಿ ದೊಡ್ಡ ಅಪಧಮನಿಯಿಲ್ಲ, ರಕ್ತ ನಿಲ್ಲಿಸುವುದೂ ಸುಲಭ. ಕಾಲನ್ನಷ್ಟೇ ಹಿಡಿದು ಕೆಲಸ ಮುಗಿಸಬಹುದಾದ್ದರಿಂದ ಮುಖ, ಹಲ್ಲುಗಳಿಂದ ವೈದ್ಯರ ಕೈ ದೂರವಿರುತ್ತದೆ. ಸಲೈನ್ ಹರಿಸುವ ಮೆತು ಕೊಳವೆ ಕೂರಿಸುವುದಕ್ಕೂ ಇದು ಒಳ್ಳೆಯ ಜಾಗ. ಕೊರತೆ ಎಂದರೆ ನಾಳ ಸಪೂರ. ಸಿರಿಂಜನ್ನು ಜೋರಾಗಿ ಎಳೆದರೆ ತೆಳು ಗೋಡೆಗಳು ಒಂದಕ್ಕೊಂದು ಅಂಟಿಕೊಂಡು ರಕ್ತವೇ ಬರುವುದಿಲ್ಲ.

ಮುಂಗೈಯ ಸೆಫಾಲಿಕ್ ಅಭಿಧಮನಿ ಸ್ವಲ್ಪವೇ ರಕ್ತ ಸಾಕೆನ್ನುವಾಗ, ದೊಡ್ಡ ಗಂಡುಗಳಲ್ಲಿ ಮತ್ತು ಸಲೈನ್‌ಗೆ ಉಪಯೋಗಕ್ಕೆ ಬರುತ್ತದೆ. ಕುತ್ತಿಗೆಯ ಪಕ್ಕದ ಜುಗುಲರ್ ಅಭಿಧಮನಿ ದೊಡ್ಡದು. ಗಾಢ ಅರಿವಳಿಕೆಯಲ್ಲಿ ಮಾತ್ರ ಅದರ ಮಾತು. ಬಾಲದ ನಾಳವನ್ನೂ ಅಪರೂಪಕ್ಕೆ ಬಳಸುತ್ತಾರೆ.

ಮುಸುವಗಳಲ್ಲೂ ನಾಳಗಳ ನಕ್ಷೆ ಹೆಚ್ಚುಕಡಿಮೆ ಇದೇ. ವ್ಯತ್ಯಾಸ ಇರುವುದು ಹೊಟ್ಟೆಯಲ್ಲಿ. ಎಲೆ ತಿಂದು ಬದುಕುವ ಮುಸುವದ ಜಠರ ಹಲವು ಕೋಣೆಗಳಾಗಿದೆ, ಅದರೊಳಗೆ ಎಲೆ ಹುಳಿಯುತ್ತಾ ಕರಗುತ್ತದೆ. ಅರಿವಳಿಕೆಯಲ್ಲಿ ಅಂಗಾತ ಮಲಗಿಸಿದಾಗ ಹೊಟ್ಟೆ ಉಬ್ಬುವ, ತಿಂದದ್ದು ಗಂಟಲಿಗೆ ಬರುವ ಅಪಾಯ ಬಾನೆಟ್ ಕೋತಿಗಿಂತ ಹೆಚ್ಚು. ತಲೆ ಎತ್ತರದಲ್ಲಿಟ್ಟು, ಬೇಗ ಮುಗಿಸಬೇಕು.

ತೆರೆದ ಕಣ್ಣು ಮತ್ತು ಅರಿವಳಿಕೆ

ಕೋತಿಯನ್ನು ಮಲಗಿಸಲು ಪಶುವೈದ್ಯರು ಬಹುಕಾಲದಿಂದ ಬಳಸುತ್ತಿರುವ ಔಷಧ ಕೆಟಮಿನ್. ಸ್ನಾಯು ಸಡಿಲಿಸುವ ಮತ್ತೊಂದು ಔಷಧವನ್ನು ಅದರ ಜೊತೆ ಸೇರಿಸುವುದುಂಟು. ಬೋನಿನಲ್ಲಿ ಸಿಕ್ಕ ಪ್ರಾಣಿಯಾದರೆ, ಒಂದು ಬದಿಯ ಕಂಬಿಗೋಡೆ ಮುಂದೆ ಸರಿಯುವ ಬೋನಿನಲ್ಲಿ ಅದನ್ನು ಮೆಲ್ಲಗೆ ಅಂಚಿಗೊತ್ತಿ ಸ್ನಾಯುವಿಗೆ ಚುಚ್ಚುತ್ತಾರೆ. ಬಯಲಿನಲ್ಲಿರುವ ಕೋತಿಗೆ ಊದುಕೊಳವೆಯಿಂದ ಚುಚ್ಚುಮದ್ದು ಹಾರಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಒರಗುತ್ತದೆ.

ಕೆಟಮಿನ್‌ನ ಒಂದು ವಿಶೇಷ ಗುಣವೇ ಜನರ ಗೊಂದಲಕ್ಕೆ ಕಾರಣ. ಈ ಔಷಧ ಪಡೆದ ಪ್ರಾಣಿ ರೆಪ್ಪೆ ಮುಚ್ಚುವುದಿಲ್ಲ. ಕಣ್ಣು ತೆರೆದೇ ಇರುತ್ತದೆ, ಜೊಲ್ಲು ಸುರಿಯಬಹುದು, ಬೆರಳುಗಳು ಅಲ್ಲಾಡಬಹುದು. ನೋಡಿದವರಿಗೆ ಎಚ್ಚರವಿದೆ ಎನಿಸುತ್ತದೆ. ಅದಕ್ಕೆ ನೋವಿನ ಅರಿವಿರುವುದಿಲ್ಲ. ಉಸಿರಾಟವನ್ನು ಹೆಚ್ಚು ಕುಗ್ಗಿಸದಿರುವುದರಿಂದ ಕಾಡುಪ್ರಾಣಿಗೆ ಇದು ಹೊಂದುತ್ತದೆ. ರೆಪ್ಪೆ ಮುಚ್ಚದೆ ಕಣ್ಣಿನ ಪಾರದರ್ಶಕ ಪೊರೆ ಒಣಗಬಾರದೆಂದು ಮುಲಾಮು ಹಚ್ಚಿ, ಮುಖಕ್ಕೆ ಬಟ್ಟೆ ಹೊದಿಸುತ್ತಾರೆ. ವಿಡಿಯೊಗಳಲ್ಲಿ ಕಾಣುವ ಆ ಬಟ್ಟೆ ಬೆಳಕನ್ನೂ ಸದ್ದನ್ನೂ ತಗ್ಗಿಸುವುದಕ್ಕೆ.

ಕೊಡಗಿನ ಹವೆಯಲ್ಲಿ ಇನ್ನೊಂದು ಕಾಳಜಿ ಇದೆ. ಅರಿವಳಿಕೆಯಲ್ಲಿರುವ ಪ್ರಾಣಿ ಮೈ ಬಿಸಿಯನ್ನು ಕಾಪಾಡಿಕೊಳ್ಳಲಾರದು. ಮಳೆಗಾಲದಲ್ಲಿ ತೊಯ್ದ ಕೋತಿಯನ್ನು ಸಿಮೆಂಟ್ ನೆಲದ ಮೇಲೆ ಮಲಗಿಸಿದರೆ ಮೈ ತಣ್ಣಗಾಗುತ್ತದೆ, ಚರ್ಮದ ಹತ್ತಿರದ ನಾಳಗಳು ಮುದುಡುತ್ತವೆ, ಸೂಜಿಗೆ ಸಿಗುವುದೇ ಇಲ್ಲ. ಮೈ ಒರೆಸಿ, ಕಂಬಳಿ ಹಾಸಿ, ಬೆಚ್ಚನೆಯ ಬಟ್ಟೆಯನ್ನು ಮೀನಖಂಡಕ್ಕೆ ಸುತ್ತಿದರೆ ನಾಳ ಮತ್ತೆ ತುಂಬಿಕೊಳ್ಳುತ್ತದೆ.

ಎಷ್ಟು ರಕ್ತ ತೆಗೆಯಬಹುದು

ಒಂದು ಕಿಲೊ ಮೈತೂಕಕ್ಕೆ ಸುಮಾರು 60 ಮಿಲಿಲೀಟರ್ ರಕ್ತ ಎಂಬುದು ಕೋತಿಗಳ ವಿಷಯದಲ್ಲಿ ಬಳಸಬಹುದಾದ ಅಂದಾಜು. ನಾಲ್ಕು ಕಿಲೊ ತೂಗುವ ಹೆಣ್ಣಿನ ಮೈಯಲ್ಲಿ ಹೀಗೆ 240 ಮಿಲಿಲೀಟರ್, ಅಂದರೆ ಕಾಲು ಲೀಟರ್‌ಗೂ ಕಡಿಮೆ ರಕ್ತ ಇರುತ್ತದೆ. ಆರೋಗ್ಯವಂತ ಪ್ರಾಣಿಯಿಂದ ಒಮ್ಮೆಗೆ ಇದರ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಇಲ್ಲಿ ಅದು 24 ಮಿಲಿಲೀಟರ್. ಆ ಪ್ರಮಾಣದಲ್ಲಿ ತೆಗೆದರೆ ಮತ್ತೆ ತೆಗೆಯುವ ಮುಂಚೆ ಕನಿಷ್ಠ ಎರಡು ವಾರ ಬಿಡಬೇಕು. ಕಳೆದುಕೊಂಡ ನೀರಿನಂಶವನ್ನು ದೇಹ ಬೇಗ ತುಂಬಿಸುತ್ತದೆ, ಕೆಂಪು ರಕ್ತಕಣಗಳನ್ನು ಹೊಸದಾಗಿ ತಯಾರಿಸಲು ವಾರಗಳು ಹಿಡಿಯುತ್ತವೆ.

ಚಿಕಿತ್ಸೆಗೆ ಬೇಕಾದ ಪರೀಕ್ಷೆಗಳಿಗೆ ಮೂರು ನಾಲ್ಕು ಮಿಲಿಲೀಟರ್ ಸಾಕು. ಮಿತಿ 24 ಎಂದು ಅಷ್ಟನ್ನೂ ತೆಗೆಯುವವರಿಲ್ಲ. ಅದರಲ್ಲೂ ರಸ್ತೆ ಅಪಘಾತದಲ್ಲಿ ಆಗಲೇ ರಕ್ತ ಕಳೆದುಕೊಂಡ ಪ್ರಾಣಿಗೆ ಮಿತಿ ಇದಕ್ಕಿಂತ ಬಹಳ ಕಡಿಮೆ.

ಮರಿಯ ಲೆಕ್ಕ ಇನ್ನೂ ಬಿಗಿ. ತಾಯಿ ತಂತಿಗೆ ಬಲಿಯಾಗಿ, ಎದೆಗಪ್ಪಿದ್ದ ಮರಿ ಬದುಕಿ ಉಳಿಯುವುದುಂಟು. ಅದು ಅರ್ಧ ಕಿಲೊ ತೂಗಿದರೆ ಮೈಯಲ್ಲಿರುವ ರಕ್ತವೆಲ್ಲ ಸೇರಿ 30 ಮಿಲಿಲೀಟರ್; ಮೂರು ಮಿಲಿಲೀಟರ್ ತೆಗೆದರೆ ಹತ್ತನೇ ಒಂದು ಭಾಗ ಹೋಯಿತು. ದೊಡ್ಡ ಕೋತಿಗೆ ಲೆಕ್ಕಕ್ಕೇ ಬಾರದ ಪ್ರಮಾಣ ಇದಕ್ಕೆ ಅಂಚಿನ ಮಿತಿ. ಮರಿಗಳಿಗೆ ಸಪೂರ ಸೂಜಿ, ಅರ್ಧ ಮಿಲಿಲೀಟರ್‌ಗೂ ಕಡಿಮೆ ಹಿಡಿಯುವ ಕಿರು ಕೊಳವೆ ಬಳಸಿ, ಬಹಳ ಅಗತ್ಯವಾದ ಪರೀಕ್ಷೆಗಳನ್ನಷ್ಟೇ ಆರಿಸಿಕೊಳ್ಳುತ್ತಾರೆ.

ರಕ್ತ ದಾರಿ ತಪ್ಪಿಸುವುದು ಹೇಗೆ

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ರಕ್ತ ಸಿಕ್ಕಿತು ಎಂದ ಮಾತ್ರಕ್ಕೆ ಅದು ಹೇಳುವುದೆಲ್ಲ ನಿಜವಾಗುವುದಿಲ್ಲ. ಹೇಗೆ ತೆಗೆದರು, ಯಾವ ಕೊಳವೆಗೆ ಹಾಕಿದರು, ಎಷ್ಟು ಹೊತ್ತು ಬಿಟ್ಟರು ಎಂಬುದರ ಮೇಲೆ ಒಂದೇ ಕೋತಿಯ ವರದಿ ಎರಡು ಬಗೆಯಾಗಿ ಬರಬಲ್ಲದು.

ವಿದ್ಯುತ್ ಆಘಾತದ ಪೊಟ್ಯಾಸಿಯಂ ಪ್ರಸಂಗಕ್ಕೇ ಬರೋಣ. ಪೊಟ್ಯಾಸಿಯಂ ಬಹುಪಾಲು ಇರುವುದು ಕೋಶಗಳ ಒಳಗೆ, ಕೆಂಪು ರಕ್ತಕಣಗಳ ಒಳಗೂ. ಅತಿ ಸಪೂರ ಸೂಜಿಯಿಂದ ಸಿರಿಂಜನ್ನು ರಭಸವಾಗಿ ಎಳೆದರೆ ಆ ಕಣಗಳು ಒಡೆಯುತ್ತವೆ. ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ಆರುವ ಮೊದಲೇ ಚುಚ್ಚಿದರೆ ಒಡೆಯುತ್ತವೆ. ಸೂಜಿ ತೆಗೆಯದೆ ಸಿರಿಂಜಿನಿಂದ ಕೊಳವೆಗೆ ಒತ್ತಿ ತುಂಬಿದರೆ ಒಡೆಯುತ್ತವೆ, ಕೊಳವೆಯನ್ನು ಕುಲುಕಿದರೂ ಒಡೆಯುತ್ತವೆ. ಒಡೆದ ಕಣಗಳಿಂದ ಪೊಟ್ಯಾಸಿಯಂ ಹೊರಬರುತ್ತದೆ, ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ, ಒಣಹುಲ್ಲಿನ ತಿಳಿಹಳದಿ ಬಣ್ಣದಲ್ಲಿರಬೇಕಾದ ದ್ರವ, ಅಂದರೆ ಸೀರಂ, ಕೆಂಪಾಗುತ್ತದೆ. ಯಂತ್ರ ಪೊಟ್ಯಾಸಿಯಂ ಅಪಾಯದ ಮಟ್ಟದಲ್ಲಿದೆ ಎನ್ನುತ್ತದೆ. ಅದು ಸುಟ್ಟ ಸ್ನಾಯುವಿನಿಂದ ಬಂದದ್ದೋ, ಸಿರಿಂಜಿನಲ್ಲಿ ಒಡೆದ ಕಣದಿಂದ ಬಂದದ್ದೋ ಎಂದು ಯಂತ್ರಕ್ಕೆ ಗೊತ್ತಾಗದು. ಇಲ್ಲದ ಅಪಾಯಕ್ಕೆ ಔಷಧ ಕೊಟ್ಟರೆ ಆ ಔಷಧವೇ ಅಪಾಯ.

ಕೊಳವೆಗಳ ಮುಚ್ಚಳದ ಬಣ್ಣಗಳನ್ನು ಎಲ್ಲರೂ ನೋಡಿರುತ್ತಾರೆ. ನೇರಳೆ ಮುಚ್ಚಳದ್ದರಲ್ಲಿ ಇ.ಡಿ.ಟಿ.ಎ. ಎಂಬ ರಾಸಾಯನಿಕವಿದೆ. ಅದು ರಕ್ತದಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಹೆಪ್ಪುಗಟ್ಟದಂತೆ ತಡೆಯುತ್ತದೆ. ರಕ್ತಕಣಗಳನ್ನು ಎಣಿಸುವುದಕ್ಕೆ ಈ ಕೊಳವೆ. ಕೆಂಪು ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟಿ ಮೇಲೆ ಸೀರಂ ನಿಲ್ಲುತ್ತದೆ. ಮೂತ್ರಪಿಂಡ, ಯಕೃತ್ತಿನ ಪರೀಕ್ಷೆ ಮತ್ತು ಪೊಟ್ಯಾಸಿಯಂ ಅಳತೆ ಇದರಿಂದ. ಬೂದು ಮುಚ್ಚಳದ್ದು ಸಕ್ಕರೆಯ ಅಂಶಕ್ಕೆ. ಇವನ್ನು ತುಂಬುವುದಕ್ಕೆ ಕ್ರಮವಿದೆ: ಕೆಂಪು ಮೊದಲು, ನೇರಳೆ ಆಮೇಲೆ. ನೇರಳೆ ಕೊಳವೆಯ ಇ.ಡಿ.ಟಿ.ಎ. ಪೊಟ್ಯಾಸಿಯಂ ಲವಣದ ರೂಪದಲ್ಲಿರುತ್ತದೆ. ಅದರ ಒಂದು ಹನಿ ಕೆಂಪು ಕೊಳವೆಗೆ ಬೆರೆತರೆ ಪೊಟ್ಯಾಸಿಯಂ ಏರಿದಂತೆಯೂ ಕ್ಯಾಲ್ಸಿಯಂ ಕುಸಿದಂತೆಯೂ ವರದಿ ಬರುತ್ತದೆ.

ಭಯವೂ ರಕ್ತದಲ್ಲಿ ತನ್ನ ಗುರುತು ಬಿಡುತ್ತದೆ. ಬಲೆಯಲ್ಲಿ ಒದ್ದಾಡಿದ ಕೋತಿಯ ರಕ್ತದಲ್ಲಿ ಸಕ್ಕರೆ ಏರುತ್ತದೆ, ಬಿಳಿ ರಕ್ತಕಣಗಳ ಎಣಿಕೆ ಏರುತ್ತದೆ, ಸ್ನಾಯುವಿನ ಕಿಣ್ವಗಳು ಏರುತ್ತವೆ. ಬಿಳಿ ಕಣ ಹೆಚ್ಚಿದೆಯೆಂದು ಸೋಂಕಿಗೆ ಚಿಕಿತ್ಸೆ ಶುರು ಮಾಡಿದರೆ ಅದು ಬರಿಯ ಹೆದರಿಕೆಗೆ ಕೊಟ್ಟ ಔಷಧವಾದೀತು. ಹಿಡಿದ ಸಮಯ, ಮಲಗಿಸಿದ ಸಮಯ, ರಕ್ತ ತೆಗೆದ ಸಮಯ, ಕೊಟ್ಟ ಔಷಧ ಇವೆಲ್ಲವನ್ನೂ ಮಾದರಿಯ ಜೊತೆ ಬರೆದು ಕಳುಹಿಸುವುದು ಇದರಿಂದ. ಗಾಯಾಳು ಕೋತಿಯ ಸುತ್ತ ಕೂಗಾಡಬೇಡಿ, ಅಟ್ಟಿಸಿಕೊಂಡು ಹೋಗಬೇಡಿ ಎಂದು ಸಿಬ್ಬಂದಿ ಬೇಡಿಕೊಳ್ಳುವುದಕ್ಕೂ ಇದೇ ಕಾರಣ. ಗುಂಪಿನ ಗದ್ದಲ ನೇರವಾಗಿ ವರದಿಯ ಅಂಕಿಗಳಿಗೆ ಇಳಿಯುತ್ತದೆ.

ಕೊನೆಯದು ದಾರಿ. ಬ್ರಹ್ಮಗಿರಿಯ ತಪ್ಪಲಿನ ತೋಟದಿಂದಲೋ ಪುಷ್ಪಗಿರಿಯ ಕಡೆಯ ಏಲಕ್ಕಿ ಮಲೆಯಿಂದಲೋ ಮಾದರಿ ಪ್ರಯೋಗಾಲಯ ತಲುಪಲು ಗಂಟೆಗಳು ಬೇಕು, ದಾರಿಯುದ್ದಕ್ಕೂ ತಿರುವುಗಳು. ಕೊಳವೆಯಲ್ಲಿ ರಕ್ತಕಣಗಳು ಬದುಕಿಯೇ ಇರುತ್ತವೆ, ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಸೀರಂ ಬೇರ್ಪಡಿಸದೆ ಬಿಟ್ಟರೆ ಕೋಣೆಯ ಉಷ್ಣತೆಯಲ್ಲಿ ಸಕ್ಕರೆಯ ಅಂಶ ಗಂಟೆಗೆ ಶೇ. 5ರಿಂದ 7ರಷ್ಟು ಕುಸಿಯುತ್ತದೆ, ಪೊಟ್ಯಾಸಿಯಂ ನಿಧಾನವಾಗಿ ಹೊರಗೆ ಸೋರುತ್ತದೆ. ಮಂಜುಗಡ್ಡೆಗೆ ನೇರವಾಗಿ ತಾಗಿ ರಕ್ತ ಘನೀಭವಿಸಿದರೆ ಕಣಗಳೆಲ್ಲ ಒಡೆಯುತ್ತವೆ. ಆದ್ದರಿಂದ ಸೀರಂ ಅನ್ನು ಆದಷ್ಟು ಹತ್ತಿರದಲ್ಲೇ ಬೇರ್ಪಡಿಸಿ, ತಣ್ಣನೆಯ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ, ಕೊಳವೆಗಳನ್ನು ನಿಲ್ಲಿಸಿ ಸಾಗಿಸುತ್ತಾರೆ. ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದು ಸ್ಥಳದಲ್ಲೇ ಒಣಗಿಸಿಡುವುದೂ ರೂಢಿ. ಆ ಲೇಪನಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣಗಳ ಆಕಾರವೂ, ಕೋತಿಗಳಲ್ಲಿ ಇರುವ ಮಲೇರಿಯಾ ಗುಂಪಿನ ಪರೋಪಜೀವಿಗಳೂ ಕಾಣುತ್ತವೆ. ಇದಕ್ಕೆ ದಾರಿಯ ಕುಲುಕಾಟ ಏನೂ ಮಾಡದು.

ಸೂಜಿ ಹಿಡಿದವರಿಗೆ ಇರುವ ಅಪಾಯ

ಕೋತಿ ನಮಗೆ ಹತ್ತಿರದ ಸಂಬಂಧಿ. ಅದರ ಹಲವು ರೋಗಗಳು ನಮಗೆ, ನಮ್ಮವು ಅದಕ್ಕೆ ಹರಡುತ್ತವೆ. ಮನುಷ್ಯರಿಂದ ಕೋತಿಗೆ ಕ್ಷಯ, ದಡಾರ ತಗಲಬಹುದು. ಕೋತಿಯ ಕಡಿತದಿಂದ ರೇಬೀಸ್ ಬರಬಹುದು. ಮಕಾಕ್ ಗುಂಪಿನ ಕೋತಿಗಳಲ್ಲಿ ಬಿ ವೈರಸ್ ಎಂಬುದು ಇರಬಹುದು. ಕೋತಿಗೆ ಹೆಚ್ಚೇನೂ ಮಾಡದ ಇದು ಮನುಷ್ಯರಿಗೆ ತಗಲಿದರೆ ಮಿದುಳಿಗೆ ಮಾರಕ. ಮನುಷ್ಯರಿಗೆ ತಗಲುವುದು ತೀರ ಅಪರೂಪ, ಆದರೂ ಕೈಗವಸು, ಮುಖಗವಸು, ಕಣ್ಣಿಗೆ ರಕ್ಷಣೆ ಇಲ್ಲದೆ ಕೋತಿಯ ರಕ್ತ ಮುಟ್ಟುವುದಿಲ್ಲ. ಬಳಸಿದ ಸೂಜಿಗೆ ಮುಚ್ಚಳ ಹಾಕುವ ಕ್ಷಣದಲ್ಲೇ ಬೆರಳಿಗೆ ಚುಚ್ಚಿಕೊಳ್ಳುವುದು ಹೆಚ್ಚು. ಅದನ್ನು ನೇರವಾಗಿ ಗಟ್ಟಿ ಡಬ್ಬಿಗೆ ಹಾಕಿಬಿಡಬೇಕು. ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಮಲೆನಾಡಿಗೆ ಹೆಚ್ಚು ಪರಿಚಿತ ಹೆಸರು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಪ್ರದೇಶದಲ್ಲಿ ಗುರುತಿಸಲಾದ ಈ ವೈರಸ್ ಉಣುಗುಗಳ ಮೂಲಕ ಹರಡುತ್ತದೆ. 2012ರ ಕೊನೆಯಲ್ಲಿ ಬಂಡೀಪುರದ ಕೋತಿಗಳಲ್ಲಿ, 2013ರಲ್ಲಿ ಕೊಡಗಿಗೆ ಹೊಂದಿಕೊಂಡ ವಯನಾಡಿನಲ್ಲಿ ಪತ್ತೆಯಾದ ಮೇಲೆ ಇದು ಶಿವಮೊಗ್ಗದ ಸಮಸ್ಯೆ ಮಾತ್ರ ಎನ್ನುವಂತಿಲ್ಲ. ನವೆಂಬರ್–ಡಿಸೆಂಬರ್‌ನಿಂದ ಮೇ–ಜೂನ್‌ವರೆಗೆ, ಅಂದರೆ ಕಾಫಿ ಕೊಯ್ಲಿನಿಂದ ಮಳೆಗಾಲದ ಆರಂಭದವರೆಗೆ ಜನ ಗಿಡಗಳ ನಡುವೆ ಹೆಚ್ಚು ಓಡಾಡುವ ತಿಂಗಳುಗಳಲ್ಲೇ ಇದರ ಕಾಲ. ಸೋಂಕು ತಗಲಿದ ಕೋತಿಯ ರಕ್ತದಲ್ಲಿ ವೈರಸ್ ತುಂಬಿರುತ್ತದೆ. ಗಾಯವೇ ಇಲ್ಲದೆ ಮಂಕಾಗಿ ಕೂತ, ಮೂಗಿನಲ್ಲಿ ರಕ್ತ ಸೋರುವ ಕೋತಿಯನ್ನು ವೈದ್ಯರು ಸಾಮಾನ್ಯ ಗಾಯಾಳುವಿನಂತೆ ಮುಟ್ಟುವುದಿಲ್ಲ. ಅಂಥ ಮಾದರಿಗಳಿಗೆ ಮೂರು ಪದರದ ಪೊಟ್ಟಣ, ನಿಗದಿತ ಪ್ರಯೋಗಾಲಯ, ಪ್ರತ್ಯೇಕ ನಿಯಮಗಳಿವೆ.

ಕೋತಿ ಬಿದ್ದದ್ದು ಕಂಡರೆ

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಕಾಡುಕೋತಿಯನ್ನು ಹಿಡಿಯುವುದು, ಇಟ್ಟುಕೊಳ್ಳುವುದು ಅನುಮತಿಯಿಲ್ಲದೆ ಆಗದು. ತಾಯಿ ಸತ್ತ ಮರಿಯನ್ನು ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಹಾಲು ಕುಡಿಸಿ ಸಾಕುವುದಕ್ಕೂ ಇದು ಅನ್ವಯಿಸುತ್ತದೆ.

ಬದುಕಿರುವ ಗಾಯಾಳುವಿಗೆ ದೂರದಿಂದ ನೆರಳು, ನಿಶ್ಶಬ್ದ ಒದಗಿಸಿ; ನಾಯಿಗಳನ್ನು ಕಟ್ಟಿಹಾಕಿ. ಬಾಯಿಗೆ ನೀರು, ಬಾಳೆಹಣ್ಣು ತುರುಕಬೇಡಿ, ಅರಿವಳಿಕೆ ಕೊಟ್ಟಾಗ ಅದು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ತಂತಿ ಇನ್ನೂ ತಾಗಿಕೊಂಡಿದ್ದರೆ ವಿದ್ಯುತ್ ಕಡಿತವಾಗುವವರೆಗೆ ಹತ್ತಿರ ಹೋಗಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ತೋಟದ ಹೆಸರು, ಹತ್ತಿರದ ರಸ್ತೆ, ಕಂಬ ಅಥವಾ ಟ್ರಾನ್ಸ್‌ಫಾರ್ಮರ್ ಇರುವ ಜಾಗ, ಕೋತಿ ಬಿದ್ದ ಸಮಯ ತಿಳಿಸಿ. ಆ ಸಮಯ ವೈದ್ಯರ ಕೈಯಲ್ಲಿರುವ ವರದಿಯನ್ನು ಓದಲು ನೇರವಾಗಿ ನೆರವಾಗುತ್ತದೆ: ಬಿದ್ದು ಒಂದು ಗಂಟೆಯಾದ ಪ್ರಾಣಿಯ ಸ್ನಾಯು ಕಿಣ್ವಗಳ ಅಂಕಿಗೂ ಒಂದು ರಾತ್ರಿ ಕಳೆದ ಪ್ರಾಣಿಯ ಅಂಕಿಗೂ ಅರ್ಥ ಬೇರೆ.

ಸತ್ತ ಕೋತಿಯಾದರೆ ಹೂಳುವುದು, ಸುಡುವುದು, ತೋಡಿಗೆ ಎಸೆಯುವುದು ಯಾವುದನ್ನೂ ನೀವಾಗಿ ಮಾಡಬೇಡಿ. ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳು ಅದನ್ನು ಬಿಟ್ಟು ಸುತ್ತಲಿನ ತರಗೆಲೆಗೆ ಇಳಿಯುತ್ತವೆ. ಆ ಜಾಗಕ್ಕೆ ಕೊಯ್ಲಿನವರನ್ನು, ದನಗಳನ್ನು ಕಳಿಸದೆ ಅರಣ್ಯ ಇಲಾಖೆಗೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಸುದ್ದಿ ಮುಟ್ಟಿಸಬೇಕು. ಅಲ್ಲಿಗೆ ಬರುವ ತಂಡ ಈ ಸಲ ತೊಡೆಸಂದಿನಲ್ಲಿ ನಾಳ ಹುಡುಕುವುದಿಲ್ಲ. ಹೃದಯ ನಿಂತ ಮೇಲೆ ರಕ್ತ ಹೆಪ್ಪುಗಟ್ಟಿ, ಕಣಗಳು ಒಡೆದು, ಅದರಿಂದ ತಿಳಿಯುವುದು ಕಡಿಮೆ. ಅಂಗಾಂಶದ ಚೂರುಗಳನ್ನೂ ಮೈಮೇಲಿನ ಉಣುಗುಗಳನ್ನೂ ಪರೀಕ್ಷೆಗೆ ತೆಗೆದುಕೊಂಡು, ಶವವನ್ನು ಸುಟ್ಟು, ಸುತ್ತಲಿನ ನೆಲಕ್ಕೆ ಉಣುಗುನಾಶಕ ಹಾಕುತ್ತಾರೆ. ಆ ಕೆಲಸ ಮುಗಿದ ಮೇಲೆ ತೋಟದಲ್ಲಿ ಓಡಾಡಿದವರಲ್ಲಿ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ಸೆಳೆತ ಕಂಡರೆ, ಸತ್ತ ಕೋತಿಯ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಬೇಕು.